ಗಾಳೆವ್ವನ ಕಣ್ಣು

ಒಂದು ಎಕರೆ ಜೋಳದ ಹೊಲದಲ್ಲಿ ಐವತ್ತು ಸಾವಿರ ಗಿಡ. ಅದರಲ್ಲಿ ಐದೇ ಐದು ಬೇರೆ ತಳಿಯವು ಸೇರಿಕೊಂಡಿದ್ದರೂ ಮುದೇನಕೊಪ್ಪದ ಗಾಳೆವ್ವ ಬದುವಿನ ಮೇಲೆ ನಿಂತೇ ಐದನ್ನೂ ಬೆರಳು ಮಾಡಿ ತೋರಿಸುತ್ತಿದ್ದಳು. ತೆನೆ ಬಂದ ಮೇಲೆ ಬೆರಕೆ ಗುರುತಿಸುವುದು ಯಾರಿಂದಲಾದರೂ ಆದೀತು. ಗೇಣುದ್ದ ಇರುವಾಗ, ಎಲ್ಲವೂ ಒಂದೇ ಹಸಿರಾಗಿ ಹುಲ್ಲಿನಂತೆ ಕಾಣುವ ಹೊತ್ತಿನಲ್ಲಿ ಗುರುತಿಸುವವಳು ಸುತ್ತಲ ಏಳು ಹಳ್ಳಿಗೆ ಅವಳೊಬ್ಬಳೇ.

ಆ ಕರಿ ಎರೆಮಣ್ಣಿನ ಸೀಮೆಯಲ್ಲಿ ಊಟಕ್ಕಿಂತ ಬೀಜಕ್ಕೆಂದೇ ಜೋಳ ಬೆಳೆಯುವವರು ಹೆಚ್ಚು. ಬೀಜದ ಹೊಲವೆಂದರೆ ಮಡಿಯ ಅಡಿಗೆಮನೆ ಇದ್ದ ಹಾಗೆ. ಒಂದು ಬೆರಕೆ ಗಿಡ ಹೂ ಬಿಟ್ಟು ಅದರ ಹುಡಿ ಗಾಳಿಗೆ ಹಾರಿತೋ, ಸುತ್ತಲಿನ ತೆನೆಗಳೆಲ್ಲ ಮೈಲಿಗೆ. ಇನ್ಸ್‌ಪೆಕ್ಟರು ಬಂದು ಎಣಿಸಿ ಹೊಲವನ್ನೇ ತಳ್ಳಿಹಾಕುತ್ತಿದ್ದರು. ಬೀಜದ ಚೀಲಕ್ಕೆ ಶುದ್ಧವೆಂಬ ನೀಲಿ ಚೀಟಿ ಸಿಗುತ್ತಿರಲಿಲ್ಲ. ಅದಕ್ಕೇ ಹೂವಿಗೆ ಮುಂಚೆ ಸಾಲುಸಾಲು ನಡೆದು ಬೆರಕೆ ಕೀಳುವ ಹೆಂಗಸರ ಗುಂಪುಗಳಿದ್ದವು. ಗಾಳೆವ್ವನ ಗುಂಪಿನಲ್ಲಿ ಹನ್ನೆರಡು ಮಂದಿ. ಅವಳ ಎಡಕ್ಕೆ ಯಾವಾಗಲೂ ಅವಳ ನೆಗೆಣ್ಣಿ ಕಾಶವ್ವ, ಮೈದುನನ ಹೆಂಡತಿ. ಮೈದುನ ತೀರಿಕೊಂಡು ಕಾಶವ್ವ ಒಬ್ಬಳೇ ಆದ ಮೇಲೆ ಇಬ್ಬರೂ ಬೇರೆಬೇರೆ ಮನೆಯಲ್ಲಿದ್ದರೂ ಬುತ್ತಿ ಬಿಚ್ಚುವುದು ಒಂದೇ ಕಡೆ. ಗಾಳೆವ್ವ ನೋಡುವುದು, ಇಬ್ಬರೂ ಕೀಳುವುದು, ಸಂಜೆಗೆ ಕಿತ್ತ ಗಿಡಗಳ ಹೊರೆಯನ್ನು ಎಮ್ಮೆಗೆ ಹೊತ್ತುಕೊಂಡು ಬರುವುದು. ಹೀಗೆ ಇಪ್ಪತ್ತು ವರ್ಷ ನಡೆದಿತ್ತು.

ಆಗ ಬಂದವನು ಮಹಾರುದ್ರ ಹೂಗಾರ. ಹೊಸದಾಗಿ ಶುರುವಾಗಿದ್ದ ಬೀಜ ಶುದ್ಧಿ ಕೇಂದ್ರದ ವಿಜ್ಞಾನಿ. ಮೂವತ್ತೈದರ ಆಸುಪಾಸು, ಹೊಲಕ್ಕೆ ಬರುವಾಗ ಚಪ್ಪಲಿ ಬದುವಿನಲ್ಲಿ ಬಿಟ್ಟು ಬರುವಷ್ಟು ನಮ್ಮ ಕಡೆಯವನು. ಎರಡು ದಿನ ಸುಮ್ಮನೆ ಗಾಳೆವ್ವನ ಹಿಂದೆ ನಡೆದ. ಮೂರನೆಯ ದಿನ ಕೇಳಿದ:

"ಅವ್ವಾರ, ಈಗ ಕಿತ್ತಿರಲ್ಲ, ಆ ಗಿಡ ಯಾಕ ಕಿತ್ತ್ರಿ?"

"ಬ್ಯಾರೆ ಐತ್ರಿ ಅದು."

"ಏನು ಬ್ಯಾರೆ?"

ಗಾಳೆವ್ವ ಕೈಯಲ್ಲಿದ್ದ ಗಿಡವನ್ನು ತಿರುಗಿಸಿ ನೋಡಿದಳು. ಗರಿ ಸರಿಯಾಗಿಯೇ ಇತ್ತು. ದಂಟೂ ಸರಿಯಾಗಿಯೇ ಇತ್ತು. "ಹೇಳಾಕ ಬರಂಗಿಲ್ರಿ ಸಾಹೇಬ್ರ. ಕಣ್ಣಿಗೆ ಚುಚ್ಚತೈತಿ, ಅಷ್ಟ."

ಹೂಗಾರನ ಮುಖ ಅರಳಿತು. "ಅಷ್ಟ ಸಾಕ್ರಿ ನನಗ," ಅಂದ.

ಮುಂದಿನ ವಾರ ಒಂದು ಕನ್ನಡಕ, ಒಂದು ಮುಂಗೈ ಪಟ್ಟಿ ತಂದುಕೊಟ್ಟ. ಕನ್ನಡಕದಲ್ಲಿ ಕ್ಯಾಮೆರಾ ಇತ್ತು. ಅವಳ ಎದುರಿಗೆ ಏನಿದೆ, ಪಾಪೆ ಎತ್ತ ಹೊರಳುತ್ತದೆ ಎಂಬುದನ್ನು ಅದು ಬರೆದುಕೊಳ್ಳುತ್ತಿತ್ತು. ಪಟ್ಟಿ ಅವಳ ನಾಡಿಯನ್ನೂ ಚರ್ಮದ ಬೆವರನ್ನೂ ಅಳೆಯುತ್ತಿತ್ತು. ಬೆರಕೆ ಗಿಡ ಕಂಡಾಗ ಕೈ ಮುಂದಾಗುವ ಅರೆಕ್ಷಣ ಮೊದಲೇ ಅವಳ ಮೈಯಲ್ಲಿ ಒಂದು ಸಣ್ಣ ಅದುರು ಹುಟ್ಟುತ್ತಿತ್ತು. ಕೇಂದ್ರದವರು ಅದಕ್ಕೆ 'ಬೆಚ್ಚು' ಎಂದು ಹೆಸರಿಟ್ಟರು. ಯಾವ ನೋಟಕ್ಕೆ ಬೆಚ್ಚು ಹುಟ್ಟುತ್ತದೆ, ಯಾವುದಕ್ಕೆ ಹುಟ್ಟುವುದಿಲ್ಲ ಎಂದು ಯಂತ್ರಕ್ಕೆ ಕಲಿಸುವುದು ಹೂಗಾರನ ಕೆಲಸ. ಮಾತಿಗೆ ಸಿಗದ ವಿದ್ಯೆಯನ್ನು ಮೈಯಿಂದಲೇ ಬಸಿದುಕೊಳ್ಳುವ ಉಪಾಯ ಅದು. ಮೂರು ಹಿಂಗಾರು ಗಾಳೆವ್ವ ಆ ಕನ್ನಡಕ ಹಾಕಿಕೊಂಡು ನಡೆದಳು.

ಮೂರನೆಯ ಹಿಂಗಾರು ಮುಗಿದಾಗ ಅವಳನ್ನು ಕೇಂದ್ರಕ್ಕೆ ಕರೆಸಿಕೊಂಡರು. ಗೋಡೆಯಗಲದ ಪರದೆಯ ಮೇಲೆ ಹೊಲವೊಂದು ಕಾಣುತ್ತಿತ್ತು. ಅದರ ಸಾಲುಗಳ ನಡುವೆ ಆಳೆತ್ತರದ ಯಂತ್ರ, ಮೂರು ತೆಳ್ಳನೆಯ ಕಾಲೂರಿ, ಉದ್ದ ಕತ್ತು ಚಾಚಿ ನಡೆಯುತ್ತಿತ್ತು. ಥಟ್ಟನೆ ನಿಂತು ಬಾಗಿ ಒಂದು ಗಿಡವನ್ನು ಬೇರುಸಹಿತ ಕಿತ್ತು, ಹೊಟ್ಟೆಯಲ್ಲಿ ಪುಡಿಮಾಡಿ ಉಗುಳಿ ಮುಂದೆ ಹೋಯಿತು.

"ಯವ್ವಾ!" ಎಂದಳು ಗಾಳೆವ್ವ. "ಅದನ್ನ ನಾನೂ ಕೀಳತಿದ್ದೆ."

"ನೀವ ಕಿತ್ತದ್ದು ಅದು," ಅಂದ ಹೂಗಾರ. ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಹಿರಿಯ ಅಧಿಕಾರಿಯೊಬ್ಬರು ಶಾಲು ಹೊದಿಸಿದರು. 'ದೃಷ್ಟಿ ಗುರು' ಎಂದು ಅಚ್ಚು ಹಾಕಿದ ಫಲಕ ಕೊಟ್ಟರು. ಹೊಲದಲ್ಲಿ ಬಿಸಿಲಿಗೆ ಕರಗಿದ ಮೈಗೆ ಆ ದಿನ ನಿಜವಾಗಿಯೂ ಹಿಗ್ಗಾಯಿತು. ಬಸ್ಸಿನಲ್ಲಿ ಬರುವಾಗ ಫಲಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಊರ ಅಗಸಿಯ ಬಾಗಿಲಲ್ಲಿ ಇಳಿದಾಗ ಕಾಶವ್ವ ಎದುರಾದಳು.

"ಯಕ್ಕಾ, ಆ ಮಿಷನ್ನು ದಿನಕ್ಕ ಎಷ್ಟ ಎಕರೆ ನಡೀತೈತಿ?"

"ನಲವತ್ತಂತ ನೋಡು!" ಗಾಳೆವ್ವ ಇನ್ನೂ ಹಿಗ್ಗಿನಲ್ಲೇ ಇದ್ದಳು.

"ಹಂಗಾದ್ರ ನಾವು ಹನ್ನೊಂದು ಮಂದಿ ಎತ್ತಾಗ ನಡೀಬೇಕು?"

ಅದುವರೆಗೆ ಗಾಳೆವ್ವನಿಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ.

ಮುಂದಿನ ಹಿಂಗಾರಿಗೆ ಯಂತ್ರಗಳು ಲಾರಿಯಲ್ಲಿ ಬಂದಿಳಿದವು. ಉದ್ದ ಕಾಲು, ಉದ್ದ ಕತ್ತು, ಕುಕ್ಕುವ ಚಾಳಿ ನೋಡಿ ಜನ ಅವಕ್ಕೆ ಕೊಕ್ಕರೆ ಎಂದರು. ಹೆಂಗಸರ ಗುಂಪುಗಳು ಒಂದೊಂದಾಗಿ ಒಡೆದವು. ಕೆಲವರು ಇಟ್ಟಂಗಿ ಭಟ್ಟಿಗೆ, ಕೆಲವರು ಹೆಣ್ಣುಮಕ್ಕಳ ಮನೆಗೆ ಹೋದರು. ಕಾಶವ್ವ ಊರಲ್ಲೇ ಉಳಿದು ಅವರಿವರ ಮನೆಯ ಮುಸುರೆ ತಿಕ್ಕಲು ಹಿಡಿದಳು. ಗಾಳೆವ್ವನಿಗೆ ಮಾತ್ರ ಕೇಂದ್ರದಿಂದ ತಿಂಗಳ ಪಗಾರ ನಿಗದಿಯಾಗಿತ್ತು. ಒಂದು ದಿನ ಅವಳು ಕಾಶವ್ವನ ಮನೆಗೆ ಹಿಟ್ಟು ಒಯ್ದಳು. ಕಾಶವ್ವ ಬಾಗಿಲಲ್ಲೇ ನಿಂತು, "ಕೊಕ್ಕರಿ ಅವ್ವ ಬಂದಳು ನೋಡ್ರಿ," ಎಂದು ಬೀದಿಗೆ ಕೇಳುವಂತೆ ಹೇಳಿ ಬಾಗಿಲು ಹಾಕಿಕೊಂಡಳು. ಅವತ್ತಿಗೆ ಮಾತು ನಿಂತಿತು. ಮುಂದೆ ಏಳು ವರ್ಷ ಇಬ್ಬರೂ ಒಂದೇ ಓಣಿಯಲ್ಲಿ ಮುಖ ತಿರುವಿಕೊಂಡು ಓಡಾಡಿದರು.

ಕೊಕ್ಕರೆ ಕಾಲಿಟ್ಟ ಬೀಜದ ಹೊಲಗಳಲ್ಲಿ ಲಕ್ಷಕ್ಕೊಂದು ಬೆರಕೆಯೂ ಉಳಿಯಲಿಲ್ಲ. 'ಶುಭ್ರ-೯' ಎಂಬ ತಳಿಯ ಜೋಳ ಅಳತೆಗೋಲಿಟ್ಟು ಗೆರೆ ಎಳೆದ ಹಾಗೆ ಒಂದೇ ಎತ್ತರ, ಒಂದೇ ದಿನ ಹೂವು, ಒಂದೇ ದಿನ ಕೊಯ್ಲು. ಇಳುವರಿಯೂ ಹೆಚ್ಚು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೇಂದ್ರದ ಮೇಲಿದ್ದ ಬೀಜ ಶುದ್ಧಿ ಮಂಡಳಿಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಗಾಳಿಗೆ ಬದು ಗೊತ್ತಿಲ್ಲವಲ್ಲ, ಪಕ್ಕದ ರೈತ ಮನೆಯ ಬೀಜ ಬಿತ್ತಿದರೆ ಅದರ ಹುಡಿ ಹಾರಿ ಬರುತ್ತದೆ. ಮೊದಲು ಬೀಜದ ಹೊಲದ ಸುತ್ತ ಇನ್ನೂರು ಮೀಟರು ಬೇರೆ ಜೋಳ ಬಿತ್ತಬಾರದೆಂದರು. ಮರುವರ್ಷ ಎರಡು ಕಿಲೋಮೀಟರು. ಮೂರನೆಯ ವರ್ಷ ಹನ್ನೊಂದು ತಾಲೂಕು ಸೇರಿಸಿ 'ಶುದ್ಧ ವಲಯ' ಎಂದು ಸಾರಿದರು. ಎಲ್ಲ ರೈತರಿಗೂ ಚೀಟಿಯ ಬೀಜ ಪುಕ್ಕಟೆ ಕೊಟ್ಟರು. ಪುಕ್ಕಟೆ ಬಂದದ್ದನ್ನು ಬೇಡವೆಂದವರು ಕಡಿಮೆ. ಬೇಡವೆಂದವರ ಹೊಲದಲ್ಲೂ ಕೊಕ್ಕರೆ ನಡೆದವು.

ಗಾಳೆವ್ವನ ಹಿತ್ತಿಲಲ್ಲೂ ನಡೆದವು. ಎಳೆ ತೆನೆಯ ಸೀತನಿ ಸುಟ್ಟು ತಿನ್ನಲೆಂದು ಅವಳು ಪ್ರತಿ ವರ್ಷ ನಾಲ್ಕು ಸಾಲು ಸಕ್ಕರೆ ಜೋಳ ಹಾಕುತ್ತಿದ್ದಳು, ಹಾಲುಗಾಳಿದ್ದಾಗ ಸಿಹಿಯಾಗಿರುವಂಥದ್ದು. ಒಂದು ಬೆಳಿಗ್ಗೆ ಅವಳು ಹಲ್ಲುಜ್ಜುತ್ತ ನಿಂತಿರುವಾಗಲೇ ಕೊಕ್ಕರೆ ಬೇಲಿ ದಾಟಿ ಬಂತು. ಮೊದಲ ಗಿಡದ ಎದುರು ನಿಂತು ಕತ್ತು ಸ್ವಲ್ಪ ಎಡಕ್ಕೆ ವಾಲಿಸಿ ನೋಡಿತು. ಹಾಗೆ ಕತ್ತು ವಾಲಿಸುವುದು ಗಾಳೆವ್ವನದೇ ಅಭ್ಯಾಸ. ನಾಲ್ಕೂ ಸಾಲು ಮುಗಿಸಿ ಹೋಯಿತು.

ಗಂಡ ಭರಮಪ್ಪ ಕಟ್ಟೆಯ ಮೇಲೆ ಕೂತು ಎಲ್ಲ ನೋಡಿದ. "ಯಾರಿಗಂತ ಬಯ್ಯಲಿ ಈಗ?" ಎಂದು ಎದ್ದು ಒಳಗೆ ಹೋದ. ಆ ವರ್ಷ ಗಾಳೆವ್ವ ದೃಷ್ಟಿ ಗುರುವಿನ ಫಲಕವನ್ನು ಗೋಡೆಯಿಂದ ಇಳಿಸಿ ಟ್ರಂಕಿನಲ್ಲಿ ಹಾಕಿದಳು. ಪಗಾರ ಮಾತ್ರ ತೆಗೆದುಕೊಳ್ಳುತ್ತಲೇ ಇದ್ದಳು.

ಏಳನೆಯ ವರ್ಷ ರೋಗ ಬಂತು.

ಕೇದಿಗೆ ರೋಗ ಹಳೆಯದೇ. ಎಲ್ಲೋ ಒಂದೊಂದು ಗಿಡದ ಗರಿ ಕೇದಿಗೆಯ ಎಸಳಿನಂತೆ ಬಿಳಿಚುತ್ತಿತ್ತು, ಕಿತ್ತೆಸೆದರೆ ಮುಗಿಯುತ್ತಿತ್ತು. ಈ ಸಲದ್ದು ಹಾಗಲ್ಲ. ಬಿತ್ತಿದ ಇಪ್ಪತ್ತೈದನೆಯ ದಿನಕ್ಕೆ ಮೊದಲ ಗಿಡ ಬಿಳಿಚಿತು. ಮೂವತ್ತನೆಯ ದಿನಕ್ಕೆ ಹೊಲ ಬಿಳಿಚಿತು. ಎಲ್ಲ ಗಿಡವೂ ಒಂದೇ ಆದ್ದರಿಂದ ಒಂದನ್ನು ಕೊಲ್ಲಲು ಕಲಿತ ಬೂಷ್ಟಿಗೆ ಉಳಿದವನ್ನು ಕೊಲ್ಲಲು ಬೇರೆ ಪಾಠ ಬೇಕಾಗಲಿಲ್ಲ. ತೆನೆ ಬರಬೇಕಾದ ಕಡೆ ಎಲೆಯ ಕುಚ್ಚು ಬಂತು. ಹನ್ನೊಂದು ತಾಲೂಕಿನ ಎರೆ ಹೊಲಗಳು ಅಗಸರ ಬಟ್ಟೆ ಹರವಿದ ಹಾಗೆ ಬೆಳ್ಳಗೆ ಬಿದ್ದಿದ್ದವು. ಹಿಂದಿನ ವರ್ಷದ ಜೋಳ ಮುಗಿದ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಸರಕಾರದವರು ಅಕ್ಕಿ ಕಳಿಸಿದರು. ಹಸಿವಿಗೆ ಯಾರೂ ಸಾಯಲಿಲ್ಲ. ಆದರೆ ಎಪ್ಪತ್ತು ವರ್ಷ ರೊಟ್ಟಿ ತಿಂದ ಭರಮಪ್ಪ ಅನ್ನದ ಗಂಗಾಳ ಮುಂದೆ ಬಂದಾಗಲೆಲ್ಲ, "ಇದು ಜ್ವರ ಬಂದವರ ಊಟ," ಎನ್ನುತ್ತಿದ್ದ. ಮೇವಿಗೆ ಜೋಳದ ಕಣಿಕೆ ಇಲ್ಲದೆ ಎಮ್ಮೆಯನ್ನು ಸಂತೆಗೆ ಹೊಡೆದರು.

ಹೂಗಾರ ಜೀಪು ತಂದು ಗಾಳೆವ್ವನನ್ನು ಕೇಂದ್ರಕ್ಕೆ ಕರೆದೊಯ್ದ. ಅವನ ಗಡ್ಡ ಬೆಳೆದಿತ್ತು.

"ಶೈತ್ಯಾಗಾರದಾಗ ಇಟ್ಟಿದ್ದ ಮುನ್ನೂರು ಹಳೇ ತಳಿ ಬಿತ್ತಿ ನೋಡಿದ್ವಿ ಅವ್ವಾರ. ಅರ್ಧ ಮೊಳೀಲಿಲ್ಲ, ಮೊಳೆತದ್ದು ಉಳೀಲಿಲ್ಲ. ಈಗ ನಿಮಗ ಒಂದು ತೋರಸ್ತೀನಿ."

ಅದೇ ಪರದೆ. ಅದರ ಮೇಲೆ ಒಂದು ಗಿಡದ ಚಿತ್ರ, ಆಮೇಲೆ ಇನ್ನೊಂದು, ಮತ್ತೊಂದು. ಕೊಕ್ಕರೆಗಳು ಕೀಳುವ ಮೊದಲು ಪ್ರತಿ ಗಿಡದ ಚಿತ್ರ ತೆಗೆದಿಟ್ಟಿದ್ದವು. ಏಳು ವರ್ಷದಲ್ಲಿ ನಲವತ್ತು ಕೋಟಿ ಚಿತ್ರ. ಕೆಂಪು ದಂಟಿನವು, ಗಿಡ್ಡವು, ಬಾಗಿದ ಕೊರಳಿನವು, ಕಂದು ನರದವು. ಯಾರ್ಯಾರ ಹೊಲದ್ದೋ ಏನೋ, ಅವಳಿಗೆ ತಾನೇ ಕಿತ್ತ ಹಾಗೆ ಒಂದೊಂದೂ ನೆನಪಿಗೆ ಬಂತು. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಕೂತು ನೋಡಿದಳು. ಎರಡನೆಯ ದಿನ ಒಂದು ಚಿತ್ರದ ಮೇಲೆ ಬೆರಳಿಟ್ಟಳು.

"ಸುತ್ತಲಿನ ಗಿಡದ ಗರಿ ಮ್ಯಾಲೆ ಬಿಳೀ ಗೆರಿ ಅದಾವು ನೋಡ್ರಿ. ಆವಾಗಿಂದನ ರೋಗ ಸಣ್ಣಗ ಶುರು ಆಗಿತ್ತು. ನಡುವಿನದಕ್ಕ ಗೆರಿ ಇಲ್ಲ. ಇದು ತಡಕೋತಿತ್ತು."

ಹೂಗಾರ ಕಂಪ್ಯೂಟರಿಗೆ ಅಂಥ ಚಿತ್ರಗಳನ್ನೇ ಹುಡುಕಲು ಹೇಳಿದ. ಅಂಥವು ಸಾವಿರದ ಎಂಟುನೂರು ಸಿಕ್ಕವು. ಯಾವ ಊರು, ಯಾವ ಹೊಲ, ಯಾವ ಸಾಲು, ಯಾವ ದಿನ ಬೆಳಿಗ್ಗೆ ಎಷ್ಟು ಗಂಟೆಗೆ ಕಿತ್ತದ್ದು ಎಂಬುದೆಲ್ಲ ಚಿತ್ರದ ಕೆಳಗೆ ಬರೆದಿತ್ತು. ಗಿಡ ಮಾತ್ರ ಇರಲಿಲ್ಲ.

"ಚಿತ್ರದಿಂದ ಬೀಜ ಮಾಡಾಕ ಬರತೈತೇನ್ರಿ?" ಎಂದು ಕೇಳಿದಳು.

"ಇಲ್ಲ್ರಿ."

"ಹಂಗಾದ್ರ ಯಾಕ ಇಟ್ಟೀರಿ ಇವನ್ನ?"

"ಮಿಷನ್ನು ತಪ್ಪು ಮಾಡಿಲ್ಲ ಅಂತ ತೋರಸಾಕ."

ಹೂಗಾರನಿಗೆ ಉಳಿದಿದ್ದ ಆಸೆ ಒಂದೇ. ಎಲ್ಲೋ ಬಂಡೆಯ ಸಂದಿಯಲ್ಲೋ ಹಾಳು ಬಾವಿಯ ಅಂಚಲ್ಲೋ ಒಂದಾದರೂ ಬೆರಕೆ ಗಿಡ ಬದುಕಿ ಉಳಿದಿರಬಹುದು. ಹುಡುಕಲು ಕೊಕ್ಕರೆಗಳಿಗಿಂತ ಗಾಳೆವ್ವನೇ ವಾಸಿ. ಅವು ನಡೆದ ಕಡೆ ಈಗ ಏನೂ ಉಳಿದಿಲ್ಲ. ಹಳೆಯ ಕನ್ನಡಕ, ಪಟ್ಟಿ ಮತ್ತೆ ಅವಳ ಕೈಗೆ ಬಂದವು. "ನಮ್ಮ ಜಿಲ್ಲೆಯ ಕೊಕ್ಕರೆಗೆಲ್ಲ ಆಜ್ಞೆ ಬದಲಿ ಮಾಡೀನಿ. ನಿಮಗ ಬೆಚ್ಚು ಬಂದ ಜಾಗಾ ಅವಕ್ಕ ಗೊತ್ತಾಗತೈತಿ. ಹೋಗಿ ಕಾವಲು ನಿಲ್ಲತಾವು, ಕೀಳಂಗಿಲ್ಲ," ಎಂದ.

ಗಾಳೆವ್ವ ಮೂವತ್ತೆಂಟು ದಿನ ನಡೆದಳು. ಹಳ್ಳದ ದಂಡೆ, ಗುಡ್ಡದ ಓರೆ, ಸ್ಮಶಾನದ ಬೇಲಿ, ಯಾವುದನ್ನೂ ಬಿಡಲಿಲ್ಲ. ಮೊಣಕಾಲು ಬಾತು ಹಿಮ್ಮಡಿ ಒಡೆದವು. ಒಂದು ಸಲವೂ ಕಣ್ಣಿಗೆ ಏನೂ ಚುಚ್ಚಲಿಲ್ಲ.

ಮೂವತ್ತೊಂಬತ್ತನೆಯ ದಿನ ಮಧ್ಯಾಹ್ನ ಕುಂಟುತ್ತ ಮನೆಗೆ ಬರುತ್ತಿದ್ದಳು. ಓಣಿಯಲ್ಲಿ ಯಾರೂ ಇರಲಿಲ್ಲ.

"ಯಕ್ಕಾ. ನೀರ ಕುಡದು ಹೋಗು."

ಏಳು ವರ್ಷದ ಮೇಲೆ ಕೇಳಿದ ದನಿ. ಕಾಶವ್ವ ತನ್ನ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಗಾಳೆವ್ವ ಕನ್ನಡಕವನ್ನು ಹಣೆಯ ಮೇಲೆ ಸರಿಸಿ ಮುಖಕ್ಕೆ ನೀರು ಚಿಮುಕಿಸಿಕೊಂಡಳು. ಕಾಶವ್ವ ಕೊಟ್ಟ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ಸಿಕ್ಕಿತೇನು?" ಎಂದಳು ಕಾಶವ್ವ ತಂಬಿಗೆ ತೆಗೆದುಕೊಳ್ಳುತ್ತ.

"ಇಲ್ಲ ಕಾಶಿ. ಎಲ್ಲಾ ನಾನ ತಿಂದ ಹಾಕೀನಿ."

ಕಾಶವ್ವ ಬಾಗಿಲಿನಾಚೆ ಓಣಿಯ ಎರಡೂ ತುದಿ ನೋಡಿದಳು. ಆಮೇಲೆ, "ನಿನ್ನ ಕಣ್ಣು ಬೇಕಾಗೈತಿ ನನಗ. ಮ್ಯಾಲ ಬಾ," ಎಂದು ಏಣಿ ತೋರಿಸಿದಳು.

ಆ ಕಡೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸೋರುವ ಕಡೆ ಹೊಸ ಮಣ್ಣು ಹಾಕಿ ತುಳಿಯುತ್ತಾರೆ. ಆ ವರ್ಷ ಕಾಶವ್ವ ಹಿತ್ತಿಲಲ್ಲಿದ್ದ ಹಳೆಯ ಹಗೇವನ್ನು ಮುಚ್ಚಿಸಿದ್ದಳು. ಹಿಂದೆ ಕಾಳು ಹುಗಿದಿಡುತ್ತಿದ್ದ ಆ ನೆಲಗುಂಡಿಯ ತಳದ ಮಣ್ಣನ್ನೇ ಹೊತ್ತು ಮಾಳಿಗೆಗೆ ಹಾಕಿದ್ದಳು. ಉತ್ತರಿ ಮಳೆಗೆ ಅದರಲ್ಲಿ ಅಡಗಿದ್ದ ಕಾಳುಗಳು ಮೊಳೆತಿದ್ದವು.

"ಹದಿಮೂರು ಎದ್ದುವು. ನಾಕು ಬೆಳ್ಳಗಾಗಿ ಸತ್ತುವು. ಒಂಬತ್ತು ನಿಂತಾವು," ಎಂದಳು ಕಾಶವ್ವ ಪಿಸುದನಿಯಲ್ಲಿ, ಹತ್ತಿಕಟ್ಟಿಗೆಯ ಮರೆ ಸರಿಸುತ್ತ.

ಒಂಬತ್ತು ಗಿಡ. ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಒಂದು ಎತ್ತರ, ಒಂದು ಗಿಡ್ಡ. ಕೆಲವಕ್ಕೆ ಬಿಗಿದ ತೆನೆ, ಕೆಲವಕ್ಕೆ ಜೋಲುತೆನೆ. ಕಡು ಹಸಿರು. ಕಾಶವ್ವ ಪಾತ್ರೆ ತೊಳೆದ ನೀರು ಹೊತ್ತು ಹಾಕಿ ಸಾಕಿದವು. ಕೊಕ್ಕರೆಗಳು ನೆಲ ನೋಡುತ್ತವೆ, ಮಾಳಿಗೆಯತ್ತ ನೋಡುವುದಿಲ್ಲ. ಗಾಳೆವ್ವನೂ ಈ ಮೂವತ್ತೆಂಟು ದಿನ ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ.

ಅವಳ ಎದೆ ಧಸಕ್ಕೆಂದಿತು. ಮೈತುಂಬ ಮುಳ್ಳೆದ್ದಿತು. ಮಂಡಿಯೂರಿ ಕೂತು ಮಗುವಿನ ತಲೆ ನೇವರಿಸಿದ ಹಾಗೆ ಗರಿಗಳನ್ನು ನೇವರಿಸಿದಳು. ಬಾಗಿ ಒಂದೊಂದರ ಬುಡ, ಗಿಣ್ಣು, ನರ ಎಲ್ಲ ನೋಡಿದಳು.

"ಇದು ಗಟ್ಟಿ. ಇದೂ ಗಟ್ಟಿ. ಇದರ ಗರಿಗೆ ಬಿಳುಪು ಬಂದು ಹಿಂದ ಸರದೈತಿ, ರೋಗ ಗೆದ್ದೈತಿ ಇದು. ಕಾಶಿ, ಒಂಬತ್ತೂ ಬ್ಯಾರೆ ಬ್ಯಾರೆ ಅದಾವ! ಒಂದಕ್ಕ ಸೋತರ ಇನ್ನೊಂದು ನಿಲ್ಲತೈತಿ." ಒಂದು ಕಾಳು ಕಿತ್ತು ಉಗುರಿನಿಂದ ಒತ್ತಿದಳು. ಹಾಲು ಜಿನುಗಿತು. "ಇನ್ನೂ ಹಾಲಗಾಳು. ಹದಿನೆಂಟು ದಿನ ಬೇಕು ಬಲಿಯಾಕ."

"ಹದಿನೆಂಟು ದಿನ ಬಾಯಿ ಮುಚ್ಚಿಕೊಂಡಿರು. ನಮ್ಮ ಗುಂಪಿನಾಗ ಹನ್ನೆರಡು ಮಂದಿ ಇದ್ದೆವಲ್ಲ, ಎಲ್ಲಾರಿಗೂ ಒಂದೊಂದು ಹಿಡಿ ಕೊಡೋಣು. ಹನ್ನೆರಡು ಕಡೆ ಇರಲಿ. ಸಾಹೇಬನ ಕೈಗೆ ಆಮ್ಯಾಲ ಕೊಟ್ಟರಾತು."

"ಆಣಿ ಮಾಡ್ಲೇನು?"

"ಬ್ಯಾಡ. ನೀ ಸುಳ್ಳ ಹೇಳಿದಾಕಿ ಅಲ್ಲ," ಎಂದಳು ಕಾಶವ್ವ. "ನಿನ್ನ ತಪ್ಪು ಅದಲ್ಲ."

ಗಾಳೆವ್ವ ಮನೆಗೆ ಹೋಗಿ ಗಂಡನಿಗೂ ಹೇಳಲಿಲ್ಲ. ಕಾಲು ಚಾಚಿ ಕುಳಿತು ಪಟ್ಟಿ ಬಿಚ್ಚಿದಳು. ಹಣೆಗೆ ಕೈ ಹೋದಾಗ ಅಲ್ಲಿ ಕನ್ನಡಕ ಇತ್ತು. ಅದನ್ನೂ ತೆಗೆದು ಗೋಡೆಯ ಮಾಡಿನಲ್ಲಿಟ್ಟಳು. ದಿನವೂ ಹಾಗೇ ಇಡುತ್ತಿದ್ದದ್ದು. ಅವಳಿಗೆ ಏನೂ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಓಣಿಯಲ್ಲಿ ಗದ್ದಲ. ಗಾಳೆವ್ವ ಅಕ್ಕಿ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಓಡಿದಳು. ಕಾಶವ್ವನ ಅಂಗಳದಲ್ಲಿ ಮೂರು ಕೊಕ್ಕರೆ. ಕಟ್ಟೆಯ ಮೇಲೆ ಕಾಲೂರಿ, ಎಂದೂ ಅಷ್ಟು ಚಾಚದ ಕತ್ತನ್ನು ಮಾಳಿಗೆಯ ಮೇಲಕ್ಕೆ ಚಾಚಿದ್ದವು. ಕಾಶವ್ವ ಒನಕೆ ಹಿಡಿದು ಒಂದರ ಕಾಲು ಮುರಿದು ಕೆಡವಿದ್ದಳು. ಉಳಿದೆರಡು ಅವಳ ಕಡೆ ತಿರುಗಿಯೂ ನೋಡದೆ ತಮ್ಮ ಕೆಲಸ ಮಾಡುತ್ತಿದ್ದವು. ಕತ್ತು ಎಡಕ್ಕೆ ವಾಲಿಸುವುದು, ಒಂದು ಗಳಿಗೆ ನೋಡುವುದು, ಕೀಳುವುದು. ಗಾಳೆವ್ವ ಒಂದರ ಕತ್ತಿಗೆ ಜೋತುಬಿದ್ದಳು. ಅದು ಅವಳನ್ನು ಮಗುವಿನಂತೆ ಮೆಲ್ಲಗೆ ಕೆಳಗಿಳಿಸಿ ಒಂಬತ್ತನೆಯ ಗಿಡ ಕಿತ್ತಿತು. ಅಂಗಳದ ತುಂಬ ಹಸಿರು ಹೊಟ್ಟು ಉದುರಿತು. ಆಮೇಲೆ ಎರಡೂ ಕೊಕ್ಕರೆಗಳು ಕತ್ತು ಮಡಿಚಿ, ಬಂದ ದಾರಿಯಲ್ಲೇ ಹೋದವು.

ಕಾಶವ್ವ ಒನಕೆ ಊರಿ ಏದುಸಿರು ಬಿಡುತ್ತ ನಿಂತಿದ್ದಳು. ಗಾಳೆವ್ವ ಹೊಟ್ಟಿನಲ್ಲಿ ಕೈಯಾಡಿಸಿ ಅರ್ಧ ಜಜ್ಜಿದ ಎರಡು ತೆನೆ ಆರಿಸಿ ಒದ್ದೆ ಅರಿವೆಯಲ್ಲಿ ಸುತ್ತಿಕೊಂಡಳು. ಅವಳು ಬಾಗಿಲು ದಾಟುವಾಗ ಕಾಶವ್ವ ಒಂದೇ ಮಾತು ಕೇಳಿದಳು.

"ಅವಕ್ಕ ಹ್ಯಾಂಗ ಗೊತ್ತಾತು?"

ಹೂಗಾರನ ಪ್ರಯೋಗಾಲಯದಲ್ಲಿ ಗಾಳೆವ್ವ ಅದೇ ಪ್ರಶ್ನೆ ಕೇಳಿದಳು. ಅವನು ಕಂಪ್ಯೂಟರಿನ ಮುಂದೆ ಕೂತು ಕೊಕ್ಕರೆಗಳ ಆಜ್ಞೆಗಳನ್ನು ತೆರೆದ. ಅವನ ತಿದ್ದುಪಡಿಯನ್ನು ಮೇಲಿನ ಮಂಡಳಿಯಿಂದ ಬಂದ ಹೊಸ ಆಜ್ಞೆ ಆ ಬೆಳಿಗ್ಗೆ ಅಳಿಸಿಹಾಕಿತ್ತು. ಕಾವಲು ನಿಲ್ಲಬೇಕಾದವು ಮತ್ತೆ ಕೀಳುವವಾಗಿದ್ದವು. ಅಷ್ಟು ಅವಳಿಗೆ ಅರ್ಥವಾಯಿತು.

"ಆದ್ರ ನಾ ಕನ್ನಡಕ ಹಾಕಿದ್ದಿಲ್ಲ. ಹಣಿ ಮ್ಯಾಲ ಇತ್ತು."

"ಹಣಿ ಮ್ಯಾಲಿದ್ರೂ ಅದು ನೋಡತೈತಿ ಅವ್ವಾರ."

"ನಾ ಕಿತ್ತಿಲ್ಲ. ಕೀಳಬೇಕಂತ ಅನಿಸೂ ಇಲ್ಲ. ನನಗ ಖುಷಿ ಆಗಿತ್ತು."

ಹೂಗಾರ ಪರದೆಯ ಮೇಲೆ ಎರಡು ಗೆರೆ ತೋರಿಸಿದ. ಒಂದು, ಹತ್ತು ವರ್ಷದ ಹಿಂದೆ ಬೆರಕೆ ಗಿಡ ಕಂಡಾಗ ಅವಳ ಮೈ ಬೆಚ್ಚಿದ್ದು. ಇನ್ನೊಂದು, ನಿನ್ನೆ ಮಧ್ಯಾಹ್ನದ್ದು. ಒಂದರ ಮೇಲೊಂದು ಇಟ್ಟ. ಎರಡೂ ಒಂದೇ ಏರು, ಒಂದೇ ಇಳಿತ. ನಿನ್ನೆಯದು ಸ್ವಲ್ಪ ಎತ್ತರ, ಅಷ್ಟೇ.

"ಬ್ಯಾರೆ ಒಂದು ಕಂಡಾಗ ಮೈ ಜುಂ ಅಂತೈತಿ. ಅದು ಸಿಟ್ಟೋ ಸಂತೋಷವೋ ಮಿಷನ್ನಿಗೆ ತಿಳಿಯೂದಿಲ್ಲ. ನಾವು ಅದಕ್ಕ ಕಲಿಸಿದ್ದು ಒಂದ. ಬ್ಯಾರೆ ಕಂಡರ ಕೀಳು," ಎಂದ ಹೂಗಾರ.

ಗಾಳೆವ್ವ ಆ ಎರಡು ಗೆರೆಗಳನ್ನು ನೋಡುತ್ತ ನಿಂತಳು. ಇಪ್ಪತ್ತು ವರ್ಷ ಹೊಲದಲ್ಲಿ ಬೆರಕೆ ಕಂಡಾಗಲೆಲ್ಲ ತನಗೆ ಆದದ್ದೇನು? ಅದು ಸಿಟ್ಟೆಂದು ತಾನು ಅಂದುಕೊಂಡದ್ದು ಯಾಕೆ? ಯಾರೋ ಕೀಳು ಎಂದಿದ್ದರು, ಕಿತ್ತಿದ್ದಳು. ನೋಡು ಎಂದಷ್ಟೇ ಅಂದಿದ್ದರೆ ನೋಡುತ್ತಿದ್ದಳೇನೋ.

ಹಾಲುಗಾಳನ್ನು ಮಣ್ಣಿಗೆ ಹಾಕಿದರೆ ಕೊಳೆಯುತ್ತದೆ. ಹೂಗಾರ ಜಜ್ಜಿದ ಕಾಳುಗಳೊಳಗಿಂದ ಸೂಜಿಯ ಮೊನೆಯಷ್ಟಿದ್ದ ಎಳೆ ಮೊಳಕೆಗಳನ್ನು ಬಿಡಿಸಿ, ಸಕ್ಕರೆ ಮತ್ತು ಉಪ್ಪಿನ ಪಾಕ ಕೂಡಿದ ಗಾಜಿನ ಸೀಸೆಗಳಲ್ಲಿ ಇಟ್ಟ. ಅರವತ್ತೊಂದು ಸೀಸೆ. ಐವತ್ತೇಳು ಕಪ್ಪಾದವು. ನಾಲ್ಕರಲ್ಲಿ ಹಸಿರು ಕಡ್ಡಿ ಎದ್ದಿತು. ಮಂಡಳಿಯವರಿಗೆ ಸುದ್ದಿ ಮುಟ್ಟಿತು. ನಾಲ್ಕರಲ್ಲಿ ಒಂದನ್ನು ಆರಿಸಿ, ಅದೊಂದರಿಂದಲೇ ಕೋಟಿ ಗಿಡ ಮಾಡಿ ಹನ್ನೊಂದು ತಾಲೂಕಿಗೆ ಕೊಡಬೇಕು, ಹೆಸರು 'ಶುಭ್ರ-೧೦' ಎಂದು ತೀರ್ಮಾನವಾಯಿತು. ಕೊಕ್ಕರೆಗಳಿಗೆ ಹೊಸದಾಗಿ ಕಲಿಸುವ ಅಗತ್ಯವೂ ಬೀಳಲಿಲ್ಲ. ಸರಿಯಾದ ಗಿಡ ಯಾವುದೆಂಬ ಚಿತ್ರ ಬದಲಿಸಿದರಾಯಿತು, ಉಳಿದದ್ದನ್ನು ಹಳೆಯ ಕಣ್ಣೇ ನೋಡಿಕೊಳ್ಳುತ್ತದೆ. ಗಾಳೆವ್ವ ಪಗಾರ ಬೇಡವೆಂದು ಬರೆಸಿ ಹೆಬ್ಬೆಟ್ಟೊತ್ತಿದಳು. ಕಚೇರಿಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ.

ತಿಂಗಳ ಮೇಲೆ ಒಂದು ಮಧ್ಯಾಹ್ನ ಹೂಗಾರ ಬಸ್ಸಿನಲ್ಲಿ ಬಂದ. ಕೆಲಸ ಬಿಟ್ಟಿದ್ದನೋ ಬಿಡಿಸಿದ್ದರೋ ಹೇಳಲಿಲ್ಲ. ಅಂಗಿಯೊಳಗಿಂದ ಒಂದು ಸೀಸೆ ತೆಗೆದು ಗಾಳೆವ್ವನ ಕೈಗಿಟ್ಟ. ಒಳಗೆ ನಾಲ್ಕು ಬೆರಳುದ್ದದ ಸಸಿ.

"ಮೂರು ಬದುಕಿದುವು, ಒಂದು ಸತ್ತಿತು ಅಂತ ಬರದೀನಿ. ಸತ್ತದ್ದು ಇದು," ಎಂದ. ನೀರು ಕೂಡ ಕುಡಿಯದೆ ಹೋದ.

ಗಾಳೆವ್ವ ಸೆರಗಿನ ಮರೆಯಲ್ಲಿ ಸೀಸೆ ಹಿಡಿದು ಕಾಶವ್ವನ ಬಾಗಿಲು ತಟ್ಟಿದಳು. ಕಾಶವ್ವ ಅರ್ಧ ತೆರೆದಳು. ಸೀಸೆಯ ಮೇಲೆ ಬಾಗಿ ಸಸಿಯನ್ನು ನೋಡಿದಳು. ಆದರೂ ಕೈ ಚಾಚಲಿಲ್ಲ.

"ಹೊಸ್ತಿಲ ಮ್ಯಾಲ ಇಟ್ಟು ಹೋಗು."

"ಇದು ಗಟ್ಟಿ ಸಸಿ, ಕಾಶಿ. ಮೊದಲು ನೆರಳಾಗ—"

"ಹ್ಯಾಂಗ ಬೆಳಸಬೇಕು ನನಗ ಗೊತ್ತೈತಿ. ಎಲ್ಲಿ ಹಚ್ಚತೀನಿ ಅಂತ ನಿನಗ ಗೊತ್ತಾಗಬಾರದು. ನೀ ಕೆಟ್ಟಾಕಿ ಅಲ್ಲ ಯಕ್ಕಾ. ಆದ್ರ ನೀ ನೋಡಿದ್ದು ಉಳೀಲಿಲ್ಲ. ಇನ್ನ ಮ್ಯಾಲ ನಮ್ಮ ಮನಿ ಕಡೆ ಕಣ್ಣೆತ್ತಿ ನೋಡಬ್ಯಾಡ."

"ಈಗ ಕನ್ನಡಕ ಇಲ್ಲಲ್ಲ ಕಾಶಿ."

"ಇರಲಿ. ಆದರೂ ಬ್ಯಾಡ."

ಗಾಳೆವ್ವ ಸೀಸೆಯನ್ನು ಹೊಸ್ತಿಲ ಮೇಲೆ ಇಟ್ಟು, ಬೆನ್ನು ತಿರುಗಿಸಿ ಓಣಿಗೆ ಇಳಿದಳು. ಹಿಂದೆ ಬಾಗಿಲು ಪೂರಾ ತೆರೆದ ಸದ್ದು, ಗಾಜು ಕಲ್ಲಿಗೆ ತಾಕಿದ ಸದ್ದು ಕೇಳಿಸಿದವು. ತಿರುಗಲಿಲ್ಲ.

ಎರಡು ವರ್ಷಕ್ಕೆ ಹೊಸ ಬೀಜ ಬಂತು. ಹೊಲಗಳು ಮತ್ತೆ ಗೆರೆ ಎಳೆದ ಹಾಗೆ ನಿಂತವು. ಭರಮಪ್ಪ ರೊಟ್ಟಿ ತಿಂದು, ರುಚಿ ಏನೋ ಕಡಿಮೆ ಎನ್ನುತ್ತಲೇ ಮತ್ತೊಂದು ಕೇಳಿದ. ಆ ಸಸಿ ಬದುಕಿತೋ ಸತ್ತಿತೋ, ಮಾಳಿಗೆಯಲ್ಲಿದೆಯೋ ಗುಡ್ಡದಾಚೆ ಯಾರದೋ ಹಿತ್ತಿಲಲ್ಲಿದೆಯೋ, ಹನ್ನೆರಡು ಮಂದಿಗೂ ಹಿಡಿ ಕಾಳು ಮುಟ್ಟಿತೋ ಇಲ್ಲವೋ, ಗಾಳೆವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಯಾರನ್ನೂ ಕೇಳಿಲ್ಲ. ನೀರಿಗೆ ಹೋಗುವಾಗ ಬರುವಾಗ ಕಾಶವ್ವನ ಮನೆಯ ಮುಂದೆ ಅವಳು ನೆಲ ನೋಡಿಕೊಂಡೇ ನಡೆಯುತ್ತಾಳೆ.